ಯಂತ್ರದ ನಾಡಿಪರೀಕ್ಷೆ

ಬಿಸಿಲನ್ನು ಅಳೆಯಹೊರಟವರನ್ನು ಬಿಸಿಲೇ ಮೋಸಗೊಳಿಸಿದ ಪ್ರಸಂಗವೊಂದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಆಶೆ. ೨೦೨೪ರ ಬೇಸಗೆಯಲ್ಲಿ ನಮ್ಮ ಕಾಲೇಜಿನ ಮಾಳಿಗೆಯ ಮೇಲೆ ಒಂದು ಪೆಟ್ಟಿಗೆಯನ್ನು ಇರಿಸಿದ್ದೆವು. ಅದರೊಳಗೆ ಅಂಗೈಯಗಲದ ಒಂದು ಕಂಪ್ಯೂಟರು. ಆಕಾಶದ ಕಡೆಗೆ ಮುಖಮಾಡಿದ ಒಂದು ಕ್ಯಾಮೆರಾ. ಮುಚ್ಚಳದ ಮೇಲೆ ಒಂದು ಚಿಕ್ಕ ಸೌರಕೋಶ. ತುದಿಗಳನ್ನು ಅಲ್ಪರೋಧದಿಂದ ಕೂಡಿಸಿದ ಸೌರಕೋಶದಲ್ಲಿ ಹರಿಯುವ ವಿದ್ಯುತ್ತು ಅದರ ಮೇಲೆ ಬೀಳುವ ಬೆಳಕಿನ ತೀಕ್ಷ್ಣತೆಗೆ ಅನುಪಾತದಲ್ಲಿರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಆ ವಿದ್ಯುತ್ತನ್ನು ಸೆಕೆಂಡಿಗೊಮ್ಮೆ ಅಳೆದು ಬರೆದಿಡುವುದು, ಹಗಲಿನಲ್ಲಿ ನಿಮಿಷಕ್ಕೊಮ್ಮೆ ಆಕಾಶದ ಚಿತ್ರ ತೆಗೆದು ಅದರಲ್ಲಿ ಮೋಡದ ಪಾಲೆಷ್ಟೆಂದು ಲೆಕ್ಕಹಾಕುವುದು — ಇವೆರಡೇ ಆ ಕಂಪ್ಯೂಟರಿನ ಕೆಲಸ. ಅಂತಿಮ ಬಿ.ಎಸ್‌ಸಿ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಇದನ್ನು ತನ್ನ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಳು.

ಮೂರು ವಾರಗಳ ದಾಖಲೆಯನ್ನು ಆಕೆ ನಕ್ಷೆಯಾಗಿ ಬರೆದು ತಂದಾಗ ಒಂದು ವಿಚಿತ್ರ ಕಂಡಿತು. ಗಂಟೆಗಂಟೆಗೂ ಬಿದ್ದ ಬೆಳಕಿನ ಮೊತ್ತವು ಬೆಳಗಿನಿಂದ ಏರುತ್ತ ಹೋಗಿ, ನಡುಹಗಲು ಒಂದು ಗಂಟೆಯ ಸುಮಾರಿಗೆ ಗುಳಿಬಿದ್ದು, ಮೂರರ ಬಳಿಕ ಮತ್ತೆ ಮೇಲೆದ್ದು, ಅನಂತರ ಸಂಜೆಯವರೆಗೆ ಇಳಿಯುತ್ತಿತ್ತು. ಒಂದು ದಿನವಲ್ಲ, ಬಿಸಿಲಿದ್ದ ಎಲ್ಲ ದಿನವೂ ಹೀಗೆಯೇ. ಮೋಡ ಕವಿದ ದಿನಗಳಲ್ಲಿ ಮಾತ್ರ ಗುಳಿಯಿಲ್ಲ. ಕಾರಣವನ್ನೂ ಆಕೆ ಯೋಚಿಸಿದ್ದಳು: ಕಾದ ನೆಲದಿಂದ ನಡುಹಗಲಿನಲ್ಲಿ ಧೂಳು ಮೇಲೇಳುತ್ತದೆ, ಅದು ಬೆಳಕನ್ನು ತಡೆಯುತ್ತದೆ, ಮೋಡದ ದಿನ ನೆಲ ಕಾಯುವುದಿಲ್ಲವಾದ್ದರಿಂದ ಧೂಳೂ ಏಳುವುದಿಲ್ಲ. ವಾದ ಅಚ್ಚುಕಟ್ಟಾಗಿತ್ತು. ನಾವೂ ತಲೆದೂಗಿದೆವು. ವಿದ್ಯಾರ್ಥಿಗಳ ವಿಚಾರಗೋಷ್ಠಿಯೊಂದರಲ್ಲಿ ಓದುವುದಕ್ಕೆಂದು ಪ್ರಬಂಧದ ಸಾರಾಂಶವೂ ಸಿದ್ಧವಾಯಿತು.

ಅದನ್ನು ಕಳುಹಿಸುವ ಹಿಂದಿನ ದಿನ, ಕೋಷ್ಟಕವನ್ನು ಕೊನೆಯ ಸಲ ತಿರುವಿಹಾಕುತ್ತಿದ್ದಾಗ ಆಕೆಯೇ ಕೇಳಿದಳು: “ಸಾರ್, ಗಂಟೆಗೆ ಮೂರು ಸಾವಿರದ ಆರುನೂರು ಅಳತೆ ಇರಬೇಕಲ್ಲವೆ? ಒಂದರಿಂದ ಎರಡು ಗಂಟೆಯೊಳಗೆ ಎರಡು ಸಾವಿರದ ಚಿಲ್ಲರೆಯೇ ಇವೆಯಲ್ಲ!”

ನಮ್ಮ ಮುಖದಲ್ಲಿ ಬೆವರಿಳಿಯಿತೆಂದರೆ ಅತಿಶಯೋಕ್ತಿಯಲ್ಲ. ಗಂಟೆಯ ಮೊತ್ತವನ್ನು ಅಳತೆಗಳನ್ನು ಕೂಡಿ ಪಡೆದಿದ್ದೆವು. ಅಳತೆಗಳೇ ಕಾಣೆಯಾಗಿದ್ದರೆ ಮೊತ್ತ ಇಳಿಯಲೇಬೇಕಷ್ಟೆ. ಹಾಗಾದರೆ ಆ ಗುಳಿ ಆಕಾಶದಲ್ಲಿರಲಿಲ್ಲ, ಪೆಟ್ಟಿಗೆಯೊಳಗಿತ್ತು. ಆದರೆ ಪೆಟ್ಟಿಗೆಯೊಳಗೆ ನಡುಹಗಲಿನಲ್ಲಿ ಏನು ನಡೆಯುತ್ತಿತ್ತು? ಅಳೆಯುವ ಯಂತ್ರವನ್ನೇ ಅಳೆಯದೆ ಇದನ್ನು ಹೇಳುವಂತಿರಲಿಲ್ಲ.

ಕಂಪ್ಯೂಟರು ತನ್ನ ಸ್ಥಿತಿಗತಿಗಳನ್ನು ತಾನೇ ಬರೆದಿಟ್ಟುಕೊಳ್ಳುವಂತೆ ಮಾಡುವುದು ಹೇಗೆಂಬುದೇ ಈ ಲೇಖನದ ವಿಷಯ. ಇದನ್ನು ನಾವು ಹರಿವಿನ ಪದ್ಧತಿಯ ಪ್ರೋಗ್ರಾಮಿನಿಂದ ಸಾಧಿಸಿದೆವು. ಈ ಪದ್ಧತಿಯನ್ನು ಮೊದಲು ಸ್ವಲ್ಪ ಪರಿಚಯ ಮಾಡಿಕೊಳ್ಳೋಣ.

ಸಾಮಾನ್ಯವಾದ ಪ್ರೋಗ್ರಾಮು ಅಡಿಗೆಯ ವಿಧಾನವನ್ನು ಬರೆದ ಚೀಟಿಯಂತೆ: ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಸಾಲುಸಾಲಾಗಿ ಆಜ್ಞೆಗಳಿರುತ್ತವೆ. ಹರಿವಿನ ಪದ್ಧತಿ ಬೇರೆ ತರಹದ್ದು. ಕಬ್ಬಿನ ಆಲೆಮನೆಯನ್ನು ನೆನೆಯಿರಿ. ಗಾಣದಲ್ಲಿ ಕಬ್ಬನ್ನು ಅರೆಯುವವನು ಒಬ್ಬ. ಕೊಪ್ಪರಿಗೆಯ ಬಳಿ ರಸವನ್ನು ಕಾಯಿಸುವವನು ಇನ್ನೊಬ್ಬ. ಪಾಕವನ್ನು ಅಚ್ಚಿಗೆ ಹೊಯ್ಯುವವನು ಮತ್ತೊಬ್ಬ. ಯಾರೂ ಯಾರಿಗೂ ಆಜ್ಞೆ ಕೊಡುವುದಿಲ್ಲ. ತನ್ನ ಬಳಿಗೆ ಬಂದ ಪದಾರ್ಥವನ್ನು ಪ್ರತಿಯೊಬ್ಬನೂ ಮಾರ್ಪಡಿಸಿ ಮುಂದಕ್ಕೆ ಕಳುಹಿಸುತ್ತಾನೆ, ಅಷ್ಟೆ. ಹರಿವಿನ ಪದ್ಧತಿಯಲ್ಲಿಯೂ ಹೀಗೆಯೇ ಪ್ರೋಗ್ರಾಮೆಂಬುದು ಸಣ್ಣಸಣ್ಣ ಘಟಕಗಳ ಒಂದು ಜಾಲ. ಘಟಕದಿಂದ ಘಟಕಕ್ಕೆ ಹರಿಯುವುದು ಮಾಹಿತಿಯ ಪೊಟ್ಟಣ.

ಈ ವಿಚಾರಕ್ಕೆ ರೂಪಕೊಟ್ಟವರು ಕೆನಡಾದಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ಜೆ. ಪಾಲ್ ಮಾರಿಸನ್ ಎಂಬವರು. ೧೯೬೦ರ ದಶಕದ ಕೊನೆಯಲ್ಲಿ ಅವರು ಇದನ್ನು ಕಂಡುಕೊಂಡರು. ೧೯೭೧ರಲ್ಲಿ ಐಬಿಎಂ ಸಂಸ್ಥೆಯ ತಾಂತ್ರಿಕ ಪತ್ರಿಕೆಯಲ್ಲಿ ಅದರ ವಿವರಣೆ ಪ್ರಕಟವಾಯಿತು. ಕೆನಡಾದ ಬ್ಯಾಂಕೊಂದರ ಲೆಕ್ಕಪತ್ರಗಳಿಗೆ ಈ ರೀತಿಯ ಪ್ರೋಗ್ರಾಮುಗಳನ್ನು ಬಳಸಲಾಯಿತು. ೧೯೯೪ರಲ್ಲಿ ಅವರು ಈ ವಿಷಯವಾಗಿ ಒಂದು ಪುಸ್ತಕವನ್ನೇ ಬರೆದರು. ಅವರ ಯೋಜನೆಯಲ್ಲಿದ್ದ ಒಂದು ಸೂಕ್ಷ್ಮಾಂಶವನ್ನು ಇಲ್ಲಿಯೇ ಹೇಳಿಬಿಡುತ್ತೇವೆ, ಮುಂದೆ ಬೇಕಾಗುತ್ತದೆ. ಎರಡು ಘಟಕಗಳನ್ನು ಕೂಡಿಸುವ ಕೊಳವೆಗೆ ಅವರು ಒಂದು ಮಿತಿಯನ್ನಿಟ್ಟರು. ಕೊಳವೆಯಲ್ಲಿ ಇಂತಿಷ್ಟೇ ಪೊಟ್ಟಣಗಳು ಹಿಡಿಯಬೇಕು. ತುಂಬಿದ ಮೇಲೆ ಕಳುಹಿಸುವ ಘಟಕವು, ಮುಂದಿನ ಘಟಕ ಒಂದನ್ನು ತೆಗೆದುಕೊಳ್ಳುವವರೆಗೂ ಕಾದಿರಬೇಕು. ಆಲೆಮನೆಯಲ್ಲಿ ಕೊಪ್ಪರಿಗೆ ತುಂಬಿದ್ದರೆ ಗಾಣವನ್ನು ನಿಲ್ಲಿಸುವುದಿಲ್ಲವೆ, ಹಾಗೆ.

ನಾವು ಬಳಸಿದ ಸಾಧನ ನೋಡ್-ರೆಡ್. ಇದೂ ಐಬಿಎಂ ಸಂಸ್ಥೆಯಲ್ಲಿಯೇ, ೨೦೧೩ರಲ್ಲಿ, ನಿಕ್ ಓ’ಲಿಯರಿ ಮತ್ತು ಡೇವ್ ಕಾನ್ವೆ-ಜೋನ್ಸ್ ಎಂಬ ಇಬ್ಬರ ಕೈಯಲ್ಲಿ ಹುಟ್ಟಿತು. ಅದೇ ವರ್ಷ ಎಲ್ಲರಿಗೂ ಉಚಿತವಾಗಿ ತೆರೆದಿಡಲ್ಪಟ್ಟಿತು. ಕಂಪ್ಯೂಟರಿನ ತೆರೆಯ ಮೇಲೆ ಬಣ್ಣಬಣ್ಣದ ಚೌಕಗಳಿರುತ್ತವೆ. ಅವುಗಳಿಗೆ ನೋಡ್‌ಗಳೆಂದು ಹೆಸರು. ಒಂದರ ಬಲದಂಚಿನಿಂದ ಇನ್ನೊಂದರ ಎಡದಂಚಿಗೆ ತಂತಿಯೆಳೆದರೆ ಸಂದೇಶ ಹರಿಯುವ ದಾರಿಯಾಯಿತು. ಭೌತಶಾಸ್ತ್ರದ ವಿದ್ಯಾರ್ಥಿಗೆ ವಿದ್ಯುನ್ಮಂಡಲದ ಚಿತ್ರ ಬರೆದಂತೆಯೇ ತೋರುತ್ತದೆ. ಎಲ್ಲಿ ಬೇಕಾದರೂ ಒಂದು ‘ಡಿಬಗ್’ ನೋಡನ್ನು ಸಿಕ್ಕಿಸಿ ಆ ಸ್ಥಳದಲ್ಲಿ ಹರಿಯುತ್ತಿರುವ ಅಂಕಿಯನ್ನು ಓದಬಹುದು. ಮಂಡಲದ ಯಾವ ಎರಡು ಬಿಂದುಗಳಿಗಾದರೂ ವೋಲ್ಟ್‌ಮೀಟರನ್ನು ತಗುಲಿಸಬಹುದಲ್ಲವೆ? ಈ ಗುಣಕ್ಕಾಗಿಯೇ ನಾವು ಇದನ್ನು ಮೆಚ್ಚಿದ್ದು. ಅಂಕಿ ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ರೂಪಾಂತರಗೊಂಡಿತೆಂಬುದು ಕಣ್ಣಿಗೆ ಕಾಣುತ್ತದೆ.

ಪೆಟ್ಟಿಗೆಯೊಳಗಿದ್ದ ಕಂಪ್ಯೂಟರು ೨೦೧೯ರಲ್ಲಿ ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ ೪. ಅದರ ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳುಂಟು. ವೇಗ ೧೫೦೦ ಮೆಗಾಹರ್ಟ್ಸ್. ನಮ್ಮದರಲ್ಲಿ ಮೆಮೊರಿ ೧ ಗಿಗಾಬೈಟ್. ನಡೆಸುವುದು ಲಿನಕ್ಸ್ ವ್ಯವಸ್ಥೆ. ಲಿನಕ್ಸಿನ ಕರ್ನೆಲ್, ಎಂದರೆ ಯಂತ್ರವನ್ನೆಲ್ಲ ಆಳುವ ಮೂಲ ಪ್ರೋಗ್ರಾಮು, ತನ್ನ ಲೆಕ್ಕಪತ್ರವನ್ನು ‘ಪ್ರಾಕ್’ ಎಂಬ ಹೆಸರಿನ ಕೋಶದಲ್ಲಿ ತೆರೆದಿಟ್ಟಿರುತ್ತದೆ. ಈ ಕೋಶದ ಕಡತಗಳು ನಿಜವಾಗಿ ಎಲ್ಲಿಯೂ ಬರೆದಿಟ್ಟವಲ್ಲ. ನಾವು ಓದಲು ಹೋದ ಕ್ಷಣದಲ್ಲಿ ಕರ್ನೆಲ್ ಆಗಿನ ಅಂಕಿಗಳನ್ನು ಅಕ್ಷರರೂಪದಲ್ಲಿ ಜೋಡಿಸಿ ಕೈಗಿಡುತ್ತದೆ. ನೋಡ್-ರೆಡ್‌ನಲ್ಲಿ ಕಡತವನ್ನೋದುವ ನೋಡ್ ಇದ್ದೇ ಇದೆ. ಹತ್ತು ಸೆಕೆಂಡಿಗೊಮ್ಮೆ ಸಂದೇಶವನ್ನು ಹುಟ್ಟಿಸುವ ‘ಇಂಜೆಕ್ಟ್’ ನೋಡೊಂದನ್ನು ಅದಕ್ಕೆ ಕೂಡಿಸಿದರೆ ಕಚ್ಚಾ ಅಂಕಿಗಳು ಬರತೊಡಗುತ್ತವೆ. ಇಷ್ಟು ಸುಲಭವೆ ಎಂದು ನಮಗೂ ಅನ್ನಿಸಿತ್ತು.

ಮೊದಲು ಬೇಕಾದದ್ದು ಪ್ರೊಸೆಸರ್ ಶೇಕಡ ಎಷ್ಟು ಹೊತ್ತು ದುಡಿಯುತ್ತಿದೆಯೆಂಬ ಅಂಕಿ. ‘ಪ್ರಾಕ್’ ಕೋಶದ ‘ಸ್ಟ್ಯಾಟ್’ ಕಡತದ ಮೊದಲನೆಯ ಸಾಲಿನಲ್ಲಿ ಹಲವು ಸಂಖ್ಯೆಗಳಿವೆ: ಬಳಕೆದಾರನ ಕೆಲಸದಲ್ಲಿ ಕಳೆದ ಕಾಲ, ಕರ್ನೆಲ್ಲಿನ ಕೆಲಸದಲ್ಲಿ ಕಳೆದ ಕಾಲ, ಬಿಡುವಾಗಿದ್ದ ಕಾಲ, ಕಾರ್ಡಿನಂತಹ ನಿಧಾನದ ಉಪಕರಣಕ್ಕಾಗಿ ಕಾದಿದ್ದ ಕಾಲ, ಇತ್ಯಾದಿ. ಸಾಮಾನ್ಯವಾಗಿ ಏಕಮಾನ ಸೆಕೆಂಡಿನ ನೂರರಲ್ಲೊಂದು ಪಾಲು. ವಿದ್ಯಾರ್ಥಿನಿಯು ಬಿಡುವಿನ ಕಾಲವನ್ನು ಒಟ್ಟು ಕಾಲದಿಂದ ಕಳೆದು, ಉಳಿದುದನ್ನು ಒಟ್ಟು ಕಾಲದಿಂದ ಭಾಗಿಸಿ ಶೇಕಡಾವಾರು ಮಾಡಿದಳು. ತೆರೆಯ ಮೇಲೆ ೩೦ ಎಂದು ಬಂದಿತು. ಮರುದಿನವೂ ೩೦. ಮೂರನೆಯ ದಿನವೂ, ಹಗಲಾಗಲಿ ಇರುಳಾಗಲಿ, ೩೦ರ ಆಸುಪಾಸೇ. ರೋಗಿಯು ಎದ್ದು ಓಡಿದರೂ ನಿದ್ದೆಹೋದರೂ ನಾಡಿ ಒಂದೇ ಸಮನಾಗಿದ್ದರೆ ನಾವು ಹಿಡಿದಿರುವುದು ನಾಡಿಯಲ್ಲ, ಮಂಚದ ಕಾಲು.

ತಪ್ಪು ಇಲ್ಲಿತ್ತು. ಆ ಸಂಖ್ಯೆಗಳು ಯಂತ್ರ ಚಾಲೂ ಆದಂದಿನಿಂದ ಕೂಡುತ್ತಲೇ ಬಂದಿರುವ ಮೊತ್ತಗಳು. ಅವು ಮನೆಯ ವಿದ್ಯುತ್ ಮೀಟರಿನ ಅಂಕಿಯಂತೆ. ಮೀಟರಿನಲ್ಲಿ ೮೪೧೨ ಎಂದಿದ್ದರೆ ಈಗ ಎಷ್ಟು ದೀಪಗಳು ಉರಿಯುತ್ತಿವೆಯೆಂದು ಯಾರೂ ಹೇಳಲಾರರು. ಎರಡು ಸಲ ಓದಿ ವ್ಯತ್ಯಾಸವನ್ನು ತೆಗೆಯಬೇಕು. ಆಕೆ ಕಂಡ ೩೦, ಆರಂಭದಿಂದ ಅಂದಿನವರೆಗಿನ ಹಗಲಿರುಳುಗಳೆಲ್ಲದರ ಸರಾಸರಿಯಾಗಿತ್ತು; ವಾರಗಟ್ಟಲೆ ಕೂಡಿದ ಮೊತ್ತವನ್ನು ಒಂದು ದಿನದ ಏರಿಳಿತ ಅಲುಗಿಸುವುದಾದರೂ ಹೇಗೆ?

ಆದ್ದರಿಂದ ಹರಿವಿನ ನಡುವೆ ಹಿಂದಿನ ಓದನ್ನು ನೆನಪಿಟ್ಟುಕೊಳ್ಳುವ ‘ಫಂಕ್ಷನ್’ ನೋಡೊಂದನ್ನು ಸೇರಿಸಿದೆವು. ಹೊಸ ಸಂದೇಶ ಬಂದೊಡನೆ ಅದು ಹಳೆಯದನ್ನು ಹೊಸದರಿಂದ ಕಳೆದು, ವ್ಯತ್ಯಾಸವನ್ನು ಮುಂದಕ್ಕೆ ಕಳುಹಿಸಿ, ಹೊಸದನ್ನು ನೆನಪಿನಲ್ಲಿಡುತ್ತದೆ. ಮೊತ್ತಮೊದಲ ಸಂದೇಶಕ್ಕೆ ಹಿಂದಿನದೇ ಇಲ್ಲವಾದ್ದರಿಂದ ಅದನ್ನು ನುಂಗಿಬಿಡಬೇಕು. ಉದಾಹರಣೆಗೆ, ಹತ್ತು ಸೆಕೆಂಡುಗಳಲ್ಲಿ ನಾಲ್ಕು ಕೋರ್‌ಗಳಿಗೂ ಸೇರಿ ೧೦ × ೧೦೦ × ೪ = ೪೦೦೦ ಏಕಾಂಶಗಳಾಗಬೇಕು. ಬಿಡುವಿನ ಲೆಕ್ಕ ೨೯೨೦ರಷ್ಟು ಏರಿದ್ದರೆ ದುಡಿದದ್ದು ೧೦೮೦. ಅಂದರೆ ಶೇಕಡ ೨೭. ಆದರೆ ೪೦೦೦ ಎಂಬ ಸಂಖ್ಯೆಯನ್ನು ನಂಬಿ ಭಾಗಿಸಕೂಡದು. ಯಂತ್ರ ತಿಣುಕುತ್ತಿರುವಾಗ ಹತ್ತು ಸೆಕೆಂಡಿನ ಸಂದೇಶ ಹದಿಮೂರು ಸೆಕೆಂಡಿಗೆ ಬರುವುದುಂಟು. ಕಡತದಲ್ಲಿಯೇ ಒಟ್ಟು ಎಷ್ಟು ಏರಿದೆಯೋ ಅದರಿಂದಲೇ ಭಾಗಿಸತಕ್ಕದ್ದು. ಇನ್ನು ಆ ಮೂರು ಸೆಕೆಂಡಿನ ತಡವಿದೆಯಲ್ಲ, ಅದನ್ನು ದೋಷವೆಂದು ಬಿಸಾಡದೆ ಬೇರೊಂದು ಕಂಬಸಾಲಿನಲ್ಲಿ ಬರೆದಿಟ್ಟೆವು. ಯಂತ್ರದ ಆಯಾಸವನ್ನು ಅದರಷ್ಟು ನೇರವಾಗಿ ಹೇಳುವ ಅಂಕಿ ಮತ್ತೊಂದಿಲ್ಲವೆಂದು ಈಗ ನಮ್ಮ ಅಭಿಪ್ರಾಯ.

ಎರಡನೆಯ ಅಂಕಿ ಕೆಲಸದ ಹೊರೆ. ದುಡಿಯುತ್ತಿರುವ ಮತ್ತು ದುಡಿಯಲು ಸರದಿ ಕಾಯುತ್ತಿರುವ ಕೆಲಸಗಳು ಸರಾಸರಿ ಎಷ್ಟೆಂಬುದನ್ನು ‘ಲೋಡ್‌ಆವ್‌ಜಿ’ ಎಂಬ ಕಡತ ಹೇಳುತ್ತದೆ. ಕಾರ್ಡಿನಿಂದ ಓದಿಬರೆಯಲು ಕಾದು ಕುಳಿತವೂ ಲಿನಕ್ಸಿನ ಈ ಲೆಕ್ಕಕ್ಕೆ ಸೇರುತ್ತವೆ. ಒಂದು, ಐದು, ಹದಿನೈದು ನಿಮಿಷಗಳ ಮೂರು ಅಂಕಿಗಳು ಅಲ್ಲಿರುತ್ತವೆ. ಕಳೆದ ಒಂದು ನಿಮಿಷದ ಸರಾಸರಿಯೆಂದು ಇದನ್ನು ತಿಳಿಯುವವರು ಬಹಳ. ಅದು ಪೂರ್ತಿ ಸರಿಯಲ್ಲ. ಕರ್ನೆಲ್ ಐದು ಸೆಕೆಂಡಿಗೊಮ್ಮೆ ತಲೆಯೆಣಿಸಿ, ಹಳೆಯ ಅಂಕಿಯನ್ನು ೦.೯೨ರಿಂದ ಗುಣಿಸಿ, ಹೊಸ ಎಣಿಕೆಯನ್ನು ೦.೦೮ರಿಂದ ಗುಣಿಸಿ ಎರಡನ್ನೂ ಕೂಡುತ್ತದೆ. ಪ್ರತಿರೋಧಕದ ಮೂಲಕ ಕೆಪಾಸಿಟರನ್ನು ತುಂಬಿಸುವ ಪ್ರಯೋಗವನ್ನು ಮಾಡಿದವರಿಗೆ ಇದು ಹಳೆಯ ಪರಿಚಯ. ಸುಮ್ಮನಿದ್ದ ಯಂತ್ರಕ್ಕೆ ಎಡೆಬಿಡದ ಒಂದು ಕೆಲಸವನ್ನು ಹಚ್ಚಿದರೆ, ಒಂದು ನಿಮಿಷದ ಅಂಕಿ ಒಂದು ನಿಮಿಷದ ಕೊನೆಯಲ್ಲಿ ೧ ಆಗಿರದೆ ೦.೬೩ ಆಗಿರುತ್ತದೆ. ಕೆಪಾಸಿಟರೂ ಒಂದು ಕಾಲಸ್ಥಿರಾಂಕದಲ್ಲಿ ಅಷ್ಟೇ ತುಂಬುವುದು! ಹೀಗೆ, ಈ ಅಂಕಿ ಯಾವಾಗಲೂ ನಿಜಸ್ಥಿತಿಗಿಂತ ಸ್ವಲ್ಪ ಹಿಂದೆ ಉಳಿದಿರುತ್ತದೆ.

ಮೆಮೊರಿಯ ವಿಷಯದಲ್ಲಿ ಇನ್ನೊಂದು ಬಲೆಯುಂಟು. ‘ಖಾಲಿ’ ಎಂದು ಬರೆದ ಅಂಕಿ ತೀರ ಸಣ್ಣದಾಗಿರುವುದನ್ನು ಕಂಡು ವಿದ್ಯಾರ್ಥಿಗಳು ಗಾಬರಿಗೊಳ್ಳುತ್ತಾರೆ. ನಲ್ಲಿಯಲ್ಲಿ ನೀರು ಬರುವಾಗ ಗೃಹಿಣಿಯು ಬಿಡುವಾಗಿರುವ ಕೊಡ ಚೆಂಬುಗಳನ್ನೆಲ್ಲ ತುಂಬಿಸಿಡುವಂತೆ, ಲಿನಕ್ಸ್ ಬಿಡುವಾಗಿರುವ ಮೆಮೊರಿಯಲ್ಲಿ ಕಾರ್ಡಿನಿಂದ ಓದಿದ ಕಡತಗಳ ಪ್ರತಿಗಳನ್ನು ಇಟ್ಟುಕೊಂಡಿರುತ್ತದೆ; ಬೇಕೆಂದಾಗ ಚೆಲ್ಲಿ ಪಾತ್ರೆಯನ್ನು ಒದಗಿಸುತ್ತದೆ. ನಿಜವಾಗಿ ಒದಗಬಲ್ಲ ಮೆಮೊರಿ ಎಷ್ಟೆಂಬ ಅಂದಾಜನ್ನು ಪ್ರತ್ಯೇಕವಾಗಿ ಕೊಡುವ ಪದ್ಧತಿ ೨೦೧೪ರಲ್ಲಿ ಕರ್ನೆಲ್ಲಿಗೆ ಸೇರಿತು. ನಾವು ಬರೆದಿಟ್ಟದ್ದು ಆ ಅಂಕಿಯನ್ನೇ.

ಉಳಿದದ್ದು ಉಷ್ಣತೆ. ಪ್ರೊಸೆಸರಿನ ಚಿಪ್ಪಿನೊಳಗೇ ಒಂದು ಉಷ್ಣಮಾಪಕವಿರುತ್ತದೆ. ಅದರ ಕಡತದಲ್ಲಿ ೬೧೩೪೫ ಎಂಬಂಥ ಸಂಖ್ಯೆಯನ್ನು ಕಂಡು ಬೆದರಬೇಕಾಗಿಲ್ಲ. ಸಾವಿರದಿಂದ ಭಾಗಿಸಿದರೆ ಸೆಲ್ಸಿಯಸ್ ಡಿಗ್ರಿ. ಇದರೊಂದಿಗೆ ಪ್ರೊಸೆಸರ್ ಆ ಕ್ಷಣದಲ್ಲಿ ಯಾವ ವೇಗದಲ್ಲಿ ನಡೆಯುತ್ತಿದೆ, ಸರಬರಾಜಿನ ವೋಲ್ಟೇಜು ಕುಸಿದಿದೆಯೆ ಎಂಬುದನ್ನೂ ತಿಳಿಸುವ ಒಂದು ಆಜ್ಞೆಯನ್ನು ತಯಾರಕರೇ ಒದಗಿಸಿದ್ದಾರೆ. ಹೊರಗಿನ ಆಜ್ಞೆಗಳನ್ನು ನಡೆಸುವ ‘ಎಕ್ಸೆಕ್’ ನೋಡಿನಿಂದ ಅದನ್ನು ಕೇಳಿ ಪಡೆಯಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ಮೊದಲ ಹರಿವು ಎಲ್ಲ ಅಂಕಿಗಳನ್ನೂ ಇಂತಹ ಹೊರಗಿನ ಆಜ್ಞೆಗಳಿಂದಲೇ, ಅದೂ ಸೆಕೆಂಡಿಗೊಮ್ಮೆ, ಪಡೆಯುತ್ತಿತ್ತು. ಪ್ರತಿ ಆಜ್ಞೆಗೂ ಯಂತ್ರ ಒಂದು ಹೊಸ ಪ್ರೋಗ್ರಾಮನ್ನು ಹುಟ್ಟಿಸಿ, ನಡೆಸಿ, ಮುಗಿಸಬೇಕು. ಪರಿಣಾಮವಾಗಿ, ಚಿತ್ರ ತೆಗೆಯುವ ಕೆಲಸವಿಲ್ಲದ ನಡುರಾತ್ರಿಯಲ್ಲಿಯೂ ಯಂತ್ರ ಬಿಡುವಾಗಿಲ್ಲವೆಂದು ತೋರಿತು. ಅದು ದುಡಿಯುತ್ತಿದ್ದುದು ತಾನು ದುಡಿಯುತ್ತಿರುವೆನೆ ಎಂದು ನೋಡಿಕೊಳ್ಳುವುದಕ್ಕಾಗಿ! ಬಿಸಿನೀರಿನ ಬಟ್ಟಲಿಗೆ ದಪ್ಪ ಥರ್ಮಾಮೀಟರನ್ನು ಅದ್ದಿದರೆ ನೀರೇ ತಣಿಯುತ್ತದೆಂದು ತರಗತಿಯಲ್ಲಿ ವರ್ಷ ವರ್ಷವೂ ಹೇಳುವ ನಾವು ಇದನ್ನು ಮೊದಲೇ ಊಹಿಸಬೇಕಾಗಿತ್ತು. ಕಡತಗಳನ್ನು ನೇರವಾಗಿ ಓದುವಂತೆ ಮಾಡಿ, ಕಾಲಾಂತರವನ್ನು ಹತ್ತು ಸೆಕೆಂಡಿಗೆ ಏರಿಸಿ, ಹೊರಗಿನ ಆಜ್ಞೆಯನ್ನು ನಿಮಿಷಕ್ಕೊಂದಕ್ಕೆ ಇಳಿಸಿದ ಮೇಲೆ ಇರುಳಿನ ಅಂಕಿ ನೆಲಕ್ಕಿಳಿಯಿತು.

ಅಂಕಿಗಳನ್ನು ಎಲ್ಲಿ ಇಡಬೇಕು? ಅದೇ ಯಂತ್ರದ ಮೆಮೊರಿ ಕಾರ್ಡಿನಲ್ಲಿ ಬರೆಯುವುದು ಸುಲಭ. ಆದರೆ ಬರೆದಷ್ಟೂ ಕಾರ್ಡು ಸವೆಯುತ್ತದೆ, ಯಂತ್ರ ಕೆಟ್ಟರೆ ಕೆಟ್ಟ ಗಳಿಗೆಯ ದಾಖಲೆಯೂ ಅದರೊಡನೆಯೇ ಹೋಗುತ್ತದೆ. ಆದುದರಿಂದ ಪ್ರಯೋಗಶಾಲೆಯ ಬೇರೊಂದು ಕಂಪ್ಯೂಟರಿಗೆ ಕಳುಹಿಸಿದೆವು. ಅದಕ್ಕೆ ಬಳಸಿದ ಎಂಕ್ಯೂಟಿಟಿ ಎಂಬ ಸಂದೇಶಕ್ರಮವು ೧೯೯೯ರಲ್ಲಿ ಆಂಡಿ ಸ್ಟಾನ್‌ಫೋರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬವರಿಂದ ರೂಪುಗೊಂಡದ್ದು. ದೂರದ ಎಣ್ಣೆಯ ಕೊಳವೆಗಳ ಸ್ಥಿತಿಯನ್ನು ಉಪಗ್ರಹದ ಮೂಲಕ ತಿಳಿಯುವುದು ಅಂದಿನ ಉದ್ದೇಶ. ನೋಡ್-ರೆಡ್ ಹುಟ್ಟಿದ್ದೂ ಈ ಸಂದೇಶಗಳ ಹಾದಿಯನ್ನು ಚಿತ್ರದಲ್ಲಿ ಕಾಣುವಂತೆ ಮಾಡುವ ಪ್ರಯತ್ನದಿಂದಲೇ. ಈ ಕ್ರಮದಲ್ಲಿ ಯಂತ್ರವು ಮೊದಲೇ ಒಂದು ಮರಣಶಾಸನವನ್ನು ಬರೆದುಕೊಟ್ಟಿರಬಹುದು. ಹೇಳದೆ ಕೇಳದೆ ಅದರ ಸಂಪರ್ಕ ಕಡಿದುಹೋದರೆ, ನಡುವಣ ಸಂದೇಶಕೇಂದ್ರವು ಆ ಶಾಸನವನ್ನು ಸಂಬಂಧಪಟ್ಟವರಿಗೆ ಓದಿಹೇಳುತ್ತದೆ.

ಇಷ್ಟೆಲ್ಲ ಸಿದ್ಧವಾದ ಮೇಲೆ, ಮೋಡವಿಲ್ಲದ ಒಂದು ದಿನ ಬೆಳಗಿನಿಂದ ಕಾದುಕುಳಿತೆವು. ಪವರ್ ಅಡಾಪ್ಟರ್ ದುರ್ಬಲವಾಗಿರಬಹುದೆಂಬುದು ನಮ್ಮ ಗುಮಾನಿ. ಮೆಮೊರಿ ಸಾಲದೆ ಹೋಗಿದೆಯೆಂದು ವಿದ್ಯಾರ್ಥಿನಿಯ ವಾದ. ಹನ್ನೊಂದೂವರೆಗೆ ಉಷ್ಣತೆ ೭೦ ಡಿಗ್ರಿಯನ್ನು ದಾಟಿತು. ಉಳಿದ ಅಂಕಿಗಳೆಲ್ಲ ಶಾಂತ. ಹೊರೆ ಎಂದಿನಂತೆ ೨ರ ಸುತ್ತಮುತ್ತ. ಹನ್ನೆರಡೂ ಕಾಲಕ್ಕೆ ಉಷ್ಣತೆ ೮೦ನ್ನು ಮುಟ್ಟಿತು. ಅದಾದ ಸ್ವಲ್ಪ ಹೊತ್ತಿಗೆ ವೇಗದ ಸಾಲಿನಲ್ಲಿ ೧೫೦೦ ಇದ್ದುದು ಇಳಿಯಲಾರಂಭಿಸಿ, ೭೦೦ರ ಸುಮಾರಿಗೆ ಬಂದು ನಿಂತಿತು. ಒಂದು ಗಂಟೆಗೆ ಮುಂಚೆ ಹೊರೆ ಏರತೊಡಗಿತು: ೫, ೯, ೧೪. ಅದರ ಬೆನ್ನಿಗೇ ಒದಗಬಲ್ಲ ಮೆಮೊರಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಸಂದೇಶಗಳು ತಡವಾಗಿ ಬಂದವು. ಒಂದೂ ಹತ್ತರ ಸುಮಾರಿಗೆ ಸೌರಕೋಶದ ಅಳತೆಗಳು ತಪ್ಪಿಹೋಗಲಾರಂಭಿಸಿದವು. ವೋಲ್ಟೇಜಿನ ಗುರುತು ಮಾತ್ರ ಕೊನೆಯವರೆಗೂ ಅಲುಗಲಿಲ್ಲ. ನಮ್ಮ ಗುಮಾನಿ ಸುಳ್ಳಾಯಿತು.

ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನೋಡಿದರೆ ಕಾರಣ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೆಮೊರಿ ಬರಿದಾದದ್ದು ನಿಜ, ಆದರೆ ಅದು ಮೂರನೆಯದು. ಮೊದಲನೆಯದು ಶಾಖ. ರಾಸ್ಪ್‌ಬೆರಿ ಪೈ ೪ರ ಪ್ರೊಸೆಸರ್ ೮೦ ಡಿಗ್ರಿ ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ಕ್ರಮವಾಗಿ ತಗ್ಗಿಸಿಕೊಳ್ಳುತ್ತದೆ. ೮೫ರ ಮೇಲೆ ಇನ್ನೂ ಕಟ್ಟುನಿಟ್ಟು. ಬಿಸಿಲಿಗೆ ಕಾದ ಮುಚ್ಚಿದ ಪೆಟ್ಟಿಗೆಯಲ್ಲಿ ಅದಕ್ಕೆ ಬೇರೆ ದಾರಿಯಿರಲಿಲ್ಲ. ಈಗ ಲೆಕ್ಕ ನೋಡಿರಿ. ಒಂದು ಚಿತ್ರವನ್ನು ಪರಿಶೀಲಿಸುವುದಕ್ಕೆ ನಾಲ್ಕು ಕೋರ್‌ಗಳೂ ಪೂರ್ಣವೇಗದಲ್ಲಿ ದುಡಿದು ೩೫ ಸೆಕೆಂಡು ತೆಗೆದುಕೊಳ್ಳುತ್ತಿದ್ದವು. ಚಿತ್ರ ಬರುವುದು ನಿಮಿಷಕ್ಕೊಂದು. ೨೫ ಸೆಕೆಂಡು ವಿಶ್ರಾಂತಿ. ವೇಗ ೭೦೦ಕ್ಕೆ ಇಳಿದರೆ ೩೫ × ೧೫೦೦ ÷ ೭೦೦ = ೭೫ ಸೆಕೆಂಡು. ಗಂಟೆಗೆ ಬರುವ ಚಿತ್ರಗಳು ೬೦, ಮುಗಿಯುವುವು ೪೮. ಹನ್ನೆರಡು ಉಳಿಯುತ್ತವೆ. ತೊಟ್ಟಿಗೆ ನೀರು ತುಂಬುವ ನಲ್ಲಿಯೂ ಖಾಲಿಮಾಡುವ ನಲ್ಲಿಯೂ ಇರುವ, ಶಾಲೆಯಲ್ಲಿ ನಮ್ಮನ್ನೆಲ್ಲ ಗೋಳುಹೊಯ್ದುಕೊಂಡ ಆ ಲೆಕ್ಕವೇ ಇದು. ಮುಗಿಯದ ಚಿತ್ರ ಒಂದೊಂದಕ್ಕೂ ಸುಮಾರು ೧೫೦ ಮೆಗಾಬೈಟ್ ಮೆಮೊರಿ ಬೇಕಾಗಿತ್ತು. ಅರ್ಧ ಗಂಟೆಯಲ್ಲಿ ಆರು ಚಿತ್ರ, ೯೦೦ ಮೆಗಾಬೈಟ್. ಒಂದು ಗಿಗಾಬೈಟಿನ ಯಂತ್ರ ಉಸಿರುಗಟ್ಟದೆ ಇದ್ದೀತೆ? ಮೆಮೊರಿ ತೀರಿದಾಗ ಕರ್ನೆಲ್ ತುಸುಭಾಗವನ್ನು ಕಾರ್ಡಿಗೆ ಸಾಗಿಸಿ ಮತ್ತೆ ತರುತ್ತ ಒದ್ದಾಡುತ್ತದೆ. ಅದೂ ಸಾಲದಾದರೆ ಯಾವುದಾದರೊಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳುತ್ತದೆ. ಆ ಮಧ್ಯಾಹ್ನ ಚಿತ್ರ ಪರಿಶೀಲಿಸುವ ಎರಡು ಪ್ರೋಗ್ರಾಮುಗಳು ಹಾಗೆ ಹತವಾದವು.

ಈ ಗದ್ದಲದ ನಡುವೆ ಪ್ರೊಸೆಸರಿನ ಶೇಕಡಾವಾರು ಅಂಕಿ ಏನು ಹೇಳುತ್ತಿತ್ತೆಂದು ವಾಚಕರು ಕೇಳಬಹುದು. ಅದು ನೂರಕ್ಕೇರಿ, ಯಂತ್ರ ಅತ್ಯಂತ ಸಂಕಟದಲ್ಲಿದ್ದ ನಿಮಿಷಗಳಲ್ಲಿ ಕೆಳಕ್ಕಿಳಿಯಿತು! ಕಾರ್ಡಿಗಾಗಿ ಕಾದಿದ್ದ ಕಾಲವನ್ನು ನಮ್ಮ ಹರಿವು ಬಿಡುವಿನ ಕಾಲದೊಂದಿಗೆ ಸೇರಿಸಿ ಎಣಿಸುತ್ತಿದ್ದುದರಿಂದ ಹೀಗಾಯಿತು. ಅದಲ್ಲದೆ ಶೇಕಡಾವಾರು ಹೇಳುವುದು ದುಡಿದ ಹೊತ್ತನ್ನು, ದುಡಿಮೆಯನ್ನಲ್ಲ. ಕೂಲಿಯಾಳು ದಿನವಿಡೀ ಅಗೆದನೆಂದರೆ ಎಷ್ಟು ಮಣ್ಣು ಬಿದ್ದಿತೆಂದು ತಿಳಿಯದು. ಈ ಒಂದೇ ಅಂಕಿಯನ್ನು ನೆಚ್ಚಿ ಕುಳಿತಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ.

ಮಾರಿಸನ್ನರ ಕೊಳವೆಯ ಮಿತಿಯನ್ನು ಈಗ ನೆನೆಯಬೇಕು. ಅವರ ಯೋಜನೆಯಂತೆ ನಡೆದಿದ್ದರೆ, ಚಿತ್ರ ಪರಿಶೀಲಿಸುವ ಘಟಕದ ಮುಂದೆ ಕೊಳವೆ ತುಂಬಿದೊಡನೆ ಚಿತ್ರ ಕಳುಹಿಸುವ ಘಟಕ ತಾನಾಗಿ ನಿಲ್ಲುತ್ತಿತ್ತು. ನೋಡ್-ರೆಡ್‌ನ ತಂತಿಗೆ ಅಂತಹ ಮಿತಿಯಿಲ್ಲ. ‘ಎಕ್ಸೆಕ್’ ನೋಡ್ ಹಿಂದಿನ ಕೆಲಸ ಮುಗಿಯಿತೋ ಇಲ್ಲವೋ ನೋಡದೆ ಹೊಸ ಸಂದೇಶಕ್ಕೆ ಹೊಸ ಕೆಲಸವನ್ನು ಹೂಡುತ್ತದೆ. ಇದನ್ನು ಆ ಸಾಧನದ ತಪ್ಪೆನ್ನಲಾರೆವು. ಮನೆಯ ದೀಪ ಹಚ್ಚುವುದಕ್ಕೆ, ಉಷ್ಣತೆಯನ್ನು ಓದುವುದಕ್ಕೆ ಅಷ್ಟು ಬಿಗಿ ಬೇಕಾಗಿಯೂ ಇಲ್ಲ. ಬೇಕಾದ ಕಡೆ ಬಾಗಿಲನ್ನು ನಾವೇ ಕಟ್ಟಿಕೊಳ್ಳಬೇಕು, ಅಷ್ಟೆ. ಅದನ್ನು ವಿದ್ಯಾರ್ಥಿನಿ ಒಂದು ಸಂಜೆಯಲ್ಲಿ ಕಟ್ಟಿದಳು. ‘ಎಕ್ಸೆಕ್’ ನೋಡಿಗೆ ಮೂರು ಹೊರದಾರಿಗಳಿವೆ. ಕೆಲಸ ಮುಗಿದಾಗ ಮೂರನೆಯದರಿಂದ ಒಂದು ಸಂದೇಶ ಹೊರಡುತ್ತದೆ. ಆ ಸಂದೇಶ ಬಂದರೆ ಬಾಗಿಲು ತೆರೆಯಬೇಕು. ಚಿತ್ರವೊಂದು ಒಳಹೋದೊಡನೆ ಮುಚ್ಚಬೇಕು. ಮುಚ್ಚಿದ್ದಾಗ ಬಂದ ಚಿತ್ರವನ್ನು ಕೈಬಿಟ್ಟು, ಕೈಬಿಟ್ಟದ್ದನ್ನು ಎಣಿಸಿಡಬೇಕು.

ಪೆಟ್ಟಿಗೆಗೆ ಬಿಳಿಯ ಬಣ್ಣ ಬಳಿದು, ಎರಡು ಪಕ್ಕಗಳಲ್ಲಿ ರಂಧ್ರ ಕೊರೆದು ಜಾಲರಿ ಹಚ್ಚಿ, ನೀರಿನ ತೊಟ್ಟಿಯ ಉತ್ತರಕ್ಕೆ ನೆರಳಿನಲ್ಲಿ ಇಟ್ಟೆವು. ಸೌರಕೋಶವೂ ಕ್ಯಾಮೆರಾವೂ ಉದ್ದನೆಯ ತಂತಿಗಳ ತುದಿಯಲ್ಲಿ ಬಿಸಿಲಿನಲ್ಲಿಯೇ ಉಳಿದವು. ಅಳೆಯಬೇಕಾಗಿದ್ದ ಬಿಸಿಲೇ ಅಳೆಯುವ ಯಂತ್ರವನ್ನು ಕುಗ್ಗಿಸುತ್ತಿತ್ತಾದ್ದರಿಂದ, ಮೋಡದ ದಿನ ಗುಳಿ ಕಾಣದೆ ಇದ್ದುದೂ ಧೂಳಿನ ವಾದಕ್ಕೆ ಸಾಕ್ಷಿಯಂತೆ ತೋರಿದ್ದೂ ಏಕೆಂಬುದು ಈಗ ತಿಳಿಯಿತಷ್ಟೆ. ಎರಡು ವಿವರಣೆಗಳೂ ಒಂದೇ ನಕ್ಷೆಯನ್ನು ಬರೆಯುತ್ತಿದ್ದವು. ಅಳತೆಗಳ ಸಂಖ್ಯೆಯೊಂದೇ ಅವನ್ನು ಬೇರ್ಪಡಿಸಿದ್ದು.

ಹಳೆಯ ದಾಖಲೆಯನ್ನು ಏನು ಮಾಡುವುದೆಂಬ ಪ್ರಶ್ನೆ ಉಳಿದಿತ್ತು. ಮೊತ್ತದ ಬದಲು ಸರಾಸರಿಯನ್ನು ತೆಗೆದರೆ ಗುಳಿ ಮುಚ್ಚಿಹೋಗುತ್ತದೆ. ಪ್ರಾಜೆಕ್ಟು ಉಳಿಯುತ್ತದೆ ಎಂದು ನಾವು ಸೂಚಿಸಿದೆವು. ಆಕೆ ಒಪ್ಪಲಿಲ್ಲ. “ಸಾರ್, ಅಳತೆ ತಪ್ಪಿದ್ದು ಬಿಡಿಬಿಡಿಯಾಗಿ ಅಲ್ಲ, ಒಟ್ಟಿಗೆ ಐದಾರು ನಿಮಿಷ ತಪ್ಪಿದ್ದೂ ಇದೆ. ಆ ಹೊತ್ತಿನಲ್ಲಿ ಬಿಸಿಲು ಹೇಗಿತ್ತೆಂದು ಈಗ ಯಾರಿಗೆ ಗೊತ್ತು?” ಎಂದಳು. ಅಳತೆಗಳು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ತಪ್ಪಿದ್ದ ಗಂಟೆಗಳನ್ನೆಲ್ಲ ಹೊಡೆದುಹಾಕಿ, ಮೂರು ವಾರಗಳ ನಡುಹಗಲನ್ನು ಖಾಲಿಯಾಗಿಯೇ ಬಿಟ್ಟಳು. ಧೂಳಿನ ಪ್ರಬಂಧ ಗೋಷ್ಠಿಗೆ ಹೋಗಲಿಲ್ಲ. ಪೆಟ್ಟಿಗೆಯೊಳಗಿನ ಯಂತ್ರವನ್ನು ಕುರಿತು ನಾಲ್ಕು ಪುಟ ಬರೆದು ಅದನ್ನೇ ಓದಿ ಬಂದಳು.

ಪ್ರಯೋಗ ಮಾಡಬಯಸುವ ವಾ­ಚಕರಿಗೆ ರಾಸ್ಪ್‌ಬೆರಿ ಪೈ ಇರಲೇಬೇಕೆಂದೇನೂ ಇಲ್ಲ. ಲಿನಕ್ಸ್ ಇರುವ ಯಾವ ಹಳೆಯ ಕಂಪ್ಯೂಟರಾದರೂ ಸಾಕು, ನೋಡ್-ರೆಡ್ಡಿಗೆ ಬೆಲೆಯಿಲ್ಲ. ಇಂಜೆಕ್ಟ್, ಕಡತದ ಓದು, ಫಂಕ್ಷನ್, ಡಿಬಗ್ — ಈ ನಾಲ್ಕು ನೋಡ್‌ಗಳಿಂದ ಆರಂಭಿಸಿ, ಯಂತ್ರಕ್ಕೆ ಭಾರಿ ಕೆಲಸವೊಂದನ್ನು ಹಚ್ಚಿ ಹೊರೆಯ ಅಂಕಿ ೦.೬೩ರ ನಿಯಮವನ್ನು ಪಾಲಿಸುವುದೇ ಎಂದು ಪರೀಕ್ಷಿಸಬಹುದು. ನಕ್ಷೆಯನ್ನು ಕೈಯಿಂದಲೇ ಬರೆದರೆ ಇನ್ನೂ ಒಳ್ಳೆಯದು.

ನಮ್ಮ ಪೆಟ್ಟಿಗೆ ಮಾಳಿಗೆಯ ಮೇಲೆಯೇ ಇದೆ. ಮರುವರ್ಷದ ಬೇಸಗೆಯ ದಾಖಲೆಯಲ್ಲಿ ಉಷ್ಣತೆ ೭೪ನ್ನು ಮೀರಲಿಲ್ಲ. ಗಂಟೆಯ ಅಳತೆಗಳು ೩೬೦೦ಕ್ಕೆ ಒಂದೆರಡು ಕಡಿಮೆ. ಬಾಗಿಲು ಕೈಬಿಟ್ಟ ಚಿತ್ರಗಳ ಕಂಬಸಾಲಿನಲ್ಲಿ ಮೇ ತಿಂಗಳ ಒಂದೇ ಒಂದು ಮಧ್ಯಾಹ್ನದ ಎದುರಿಗೆ ೩ ಎಂದು ಬರೆದಿತ್ತು. ಅಂದು ಯಾರೋ ಒಣಗಹಾಕಿದ್ದ ಗೋಣಿಚೀಲ ಜಾರಿಬಿದ್ದು ಜಾಲರಿಯನ್ನು ಮುಚ್ಚಿತ್ತು.